ಸಾಹೇಬರ ಮಾಳಿಗೆಯ ಗಾಳಿ

ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಕಾರ್ಖಾನೆಯಲ್ಲಿ ಹುಲಿಗೆವ್ವನ ಕೆಲಸ ಒಂದೇ. ಊರ ಗಾಳಿ ಅಳೆಯುವ ಯಂತ್ರಕ್ಕೆ ದಿನಾ ಬಿಳಿ ಹಾಳೆ ಹಾಕಬೇಕು, ಮರುದಿನ ತೆಗೆದು ಕಾರ್ಖಾನೆಯ ಪರಿಸರ ವಿಭಾಗದ ಸಾಹೇಬರಿಗೆ ಕೊಡಬೇಕು. ಹಾಕಿದ್ದು ಬಿಳಿ, ತೆಗೆದದ್ದು ಕಾಡಿಗೆ ಕಪ್ಪು. ಅದೇ ಗಾಳಿ ಕುಡಿದು ಅವಳ ಗಂಡ ಕೆಮ್ಮಿ ಕೆಮ್ಮಿ ಸತ್ತಿದ್ದ.

ಚಿಮಣಿಗೆ ಬೂದಿ ಹಿಡಿಯುವ ಫಿಲ್ಟರ್ ಹಾಕಲೇಬೇಕೆಂದು ಹೊಸ ಕಾನೂನು ಬಂದಿತ್ತು. ಕಾರ್ಖಾನೆ ಹಾಕಿರಲಿಲ್ಲ. ಕೋರ್ಟು ತಪಾಸಣೆಗೆ ಸಮಿತಿ ಕಳಿಸಿತು.

ಸಾಹೇಬರು ಗುಡುಗಿದರು: “ನಾಡಿದ್ದು ಸಮಿತಿ ಬರುತ್ತೆ. ನನಗೆ ಬಿಳಿ ಹಾಳೆ ಬೇಕು. ಯಂತ್ರ ಎಲ್ಲಾದ್ರೂ ಇಡು. ಹಾಳೆ ಕಪ್ಪಾದ್ರೆ ನಿನ್ನ ಕೆಲಸ ಹೋಯ್ತು.”

“ಆತ್ರಿ ಸಾಹೇಬ್ರ. ಊರಾಗ ಎಲ್ಲಕ್ಕಿಂತ ಚಲೋ ಗಾಳಿ ಇರೋ ಕಡೆ ಇಡ್ತೀನ್ರಿ.”

ಮರುದಿನ ಹಾಳೆ ತಂದಿಟ್ಟಳು. ಅದೇ ಕಾಡಿಗೆ.

“ಯಾವ ಹಾಳು ಕೊಂಪೆಯಲ್ಲಿ ಇಟ್ಟಿದ್ದೆ?” ಸಾಹೇಬರು ಮೇಜು ಕುಟ್ಟಿದರು.

“ನಿಮ್ಮ ಮನಿ ಮಾಳಿಗಿ ಮ್ಯಾಗ್ರೀ. ಅಕ್ಕಾರು ಕೂಸಿನ ಬಟ್ಟಿ ಒಣಹಾಕ್ತಾರಲ್ಲ, ಅದರ ಬಾಜೂಕ.”

ಸಾಹೇಬರು ಹಾಳೆಯ ಮೇಲೆ ಬೆರಳಾಡಿಸಿ, ಬೆರಳನ್ನೇ ನೋಡುತ್ತ ಕೂತರು. ಸಂಜೆಯೊಳಗೆ ಅವರ ಹೆಂಡತಿ ಕೂಸನ್ನೆತ್ತಿಕೊಂಡು ಕಾರು ಹತ್ತಿ ತವರಿಗೆ ಹೋದರು. ಸಾಹೇಬರು ಬಳಸದ ಹಾಳೆಯೊಂದನ್ನು ಲಕೋಟೆಗೆ ಹಾಕಿ, ‘ಗಾಳಿ ಶುದ್ಧ’ ಎಂದು ಬರೆದು ಸಹಿ ಮಾಡಿದರು.

ಸಮಿತಿಯ ಹಿರಿಯರು ಬಂದು ಹಾಳೆ ನೋಡಿ ತಲೆದೂಗಿದರು. ಬಾಗಿಲಲ್ಲಿ ನಿಂತಿದ್ದ ಹುಲಿಗೆವ್ವನನ್ನು ಕೇಳಿದರು: “ಏನಮ್ಮಾ, ಗಾಳಿ ಇಷ್ಟು ಚೆನ್ನಾಗಿದೆಯಾ?”

“ನನಗೇನ್ ತಿಳೀತದ್ರಿ. ಸಾಹೇಬ್ರು ನಿನ್ನೆ ಕೂಸಿನ್ನ ಊರು ಬಿಡಿಸಿ ಕಳಿಸ್ಯಾರ. ವಾಪಸ್ ಯಾವಾಗ ಕರಸ್ತಾರ, ಅದನ್ನಷ್ಟು ಕೇಳ್ರಿ.”

ಹಿರಿಯರು ಸಾಹೇಬರ ಕಡೆ ತಿರುಗಿದರು. ಸಾಹೇಬರು ಬಾಯಿ ತೆರೆದರು. ಮಾತಿಗಿಂತ ಮೊದಲು ಕೆಮ್ಮು ಬಂತು.