ದಾರಿಗೆ ಸಂದ ದ್ರಾಕ್ಷಿ

"ಗುರುಗಳೇ, ಮಠಕ್ಕೆ ಬರುವ ಮೊದಲು ನನ್ನ ಮಾತು ಕೇಳಲು ಊರೇ ಸೇರುತ್ತಿತ್ತು. ನೀವು ಮೌನ ಕಲಿಸಿದಿರಿ. ಈಗ ಯಾರೂ ನನ್ನತ್ತ ತಿರುಗಿ ನೋಡುವುದಿಲ್ಲ. ನಾನು ಒಣಗಿಹೋದೆನೇ?" ಎಂದು ಶಿಷ್ಯ ರೇವಯ್ಯ ಕಣ್ಣೀರು ತುಂಬಿಕೊಂಡು ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬಳು ತೋಟಗಾತಿ ಇದ್ದಳು. ಅವಳ ದ್ರಾಕ್ಷಿ ಮಾರಾಟವಾಗುತ್ತಿದ್ದ ಪೇಟೆ ಬರಡು ಬಯಲಿನ ಆಚೆಗಿತ್ತು. ಪ್ರತಿ ವರ್ಷವೂ ಅರ್ಧ ಹಣ್ಣು ದಾರಿಯಲ್ಲೇ ಕೊಳೆಯುತ್ತಿತ್ತು. ಈ ಸಲ ಹಣ್ಣನ್ನು ಒಣಗಿಸಿಯೇ ಒಯ್ಯಲು ಅವಳು ಮನಸ್ಸು ಗಟ್ಟಿಮಾಡಿದಳು. ಗೊಂಚಲುಗಳನ್ನು ಬೂದಿಯ ತಿಳಿನೀರಿನಲ್ಲಿ ಅದ್ದಿ, ಚಪ್ಪರದ ನೆರಳಿನಲ್ಲಿ ಗಾಳಿಗೆ ಹರವಿದಳು. ಬೂದಿನೀರು ಏಕೆಂದರೆ, ಅದು ಸಿಪ್ಪೆಯ ಮೇಣವನ್ನು ಬಿಡಿಸಿ ಹಣ್ಣನ್ನು ಬೇಗ ಒಣಗಿಸುತ್ತದೆ. ನೆರಳು ಏಕೆಂದರೆ, ಸುಡುಬಿಸಿಲಿಗೆ ಹಣ್ಣು ಕಪ್ಪಾಗುತ್ತದೆ. ಇಷ್ಟೆಲ್ಲ ತಿಳಿದಿದ್ದರೂ, ಬುಟ್ಟಿಗಟ್ಟಲೆ ಹಣ್ಣು ಒಂದೇ ಚೀಲಕ್ಕೆ ಇಳಿದಾಗ ಅವಳು ಅದನ್ನು ಮತ್ತೆ ಮತ್ತೆ ಎತ್ತಿ ತೂಕ ನೋಡಿದಳು. ವರ್ಷದ ದುಡಿಮೆಯೆಲ್ಲ ಅಷ್ಟೇ ಆಗಿತ್ತು.

ಗಾಡಿಗಳು ಸಾಲಾಗಿ ಹೊರಟವು. ಹಸಿ ದ್ರಾಕ್ಷಿ ಹೇರಿದ್ದ ವ್ಯಾಪಾರಿಯೊಬ್ಬ ಅವಳ ಚೀಲದೊಳಗೆ ಇಣುಕಿದ.

"ಅಕ್ಕಾ, ಇದು ಹಣ್ಣೋ, ನಿಮ್ಮತ್ತೆಯ ಕೆನ್ನೆಯೋ? ನೀರು ಚಿಮುಕಿಸಿ. ಉಬ್ಬುತ್ತದೆ, ತೂಕವೂ ಬರುತ್ತದೆ."

"ತಿನ್ನುವಾಗ ನೆನೆಸಬೇಕಣ್ಣಾ, ಹೊರುವಾಗಲ್ಲ. ಈಗ ನೀರು ಕುಡಿಸಿದರೆ ನಾಳೆ ಬೂಷ್ಟು ಹಿಡಿಯುತ್ತದೆ. ಆಮೇಲೆ ನಿಮ್ಮತ್ತೆಯೂ ಮೂಸಿ ನೋಡುವುದಿಲ್ಲ."

ಬಯಲಿನ ನಡುವೆ, ಬಾವಿಯೊಂದರ ಬಳಿಯ ಬಂಡೆಗಳ ಇಕ್ಕಟ್ಟಿನಲ್ಲಿ, ಮುಂದಿನ ಗಾಡಿಯ ಅಚ್ಚು ಮುರಿದು ದಾರಿ ಕಟ್ಟಿತು. ಹೊಸ ಅಚ್ಚು ಕೆತ್ತುವಷ್ಟರಲ್ಲಿ ದಿನಗಳು ಕಳೆದು ಎಲ್ಲರ ಬುತ್ತಿ ಮುಗಿಯಿತು. ವ್ಯಾಪಾರಿಯ ದ್ರಾಕ್ಷಿ ಹುಳಿಯಿತು, ನೊಣ ಮುತ್ತಿತು. ಅಚ್ಚು ಸಿದ್ಧವಾದಾಗ ಗಾಡಿ ಎತ್ತಲು ಯಾರ ಕೈಯಲ್ಲೂ ಕಸುವಿರಲಿಲ್ಲ.

ತೋಟಗಾತಿ ಚೀಲದ ಬಾಯಿ ಬಿಚ್ಚಿದಳು. ಬೆಲೆಯ ಮಾತು ಆಡಲಿಲ್ಲ. ಎಲ್ಲರಿಗೂ ಹಿಡಿ ಹಿಡಿ ಕೊಟ್ಟು, "ನಿಧಾನವಾಗಿ ಅಗಿಯಿರಿ" ಎಂದಳು. ಹಲ್ಲಿಲ್ಲದ ಮುದುಕನಿಗೆ ನೆನೆಸಿ, ಕಿವುಚಿ ಕುಡಿಸಿದಳು. ಮುದುಡಿದ್ದ ಹಣ್ಣು ನೀರು ಕಂಡೊಡನೆ ದುಂಡಗಾಯಿತು. ಅದರ ಸಿಹಿ ಬೇಗ ಮೈಗೆ ಹತ್ತಿತು. ಗಂಡಸರು ಹೋ ಎಂದು ಹೆಗಲು ಕೊಟ್ಟರು. ಗಾಡಿ ಎದ್ದಿತು.

ಪೇಟೆಯ ಬಾಗಿಲಲ್ಲಿ ಆ ವ್ಯಾಪಾರಿಯೇ ಅವಳ ಎತ್ತಿನ ಹಗ್ಗ ಹಿಡಿದು ಮುಂದೆ ನಡೆದ. "ದಾರಿ ಬಿಡಿ! ಬಯಲು ದಾಟಿಸಿದ ತಾಯಿ ಬರುತ್ತಿದ್ದಾಳೆ!" ಎಂದು ಕೂಗಿದ. ಚೀಲದಲ್ಲಿ ಉಳಿದಿದ್ದ ಅರ್ಧಕ್ಕೆ ಪೇಟೆಯೇ ಮುಗಿಬಿದ್ದಿತು. ಅವಳು ತಲೆಯೆತ್ತಿ ನಿಂತು ತೂಗಿಕೊಟ್ಟಳು.

ಕತೆ ಮುಗಿಸಿ ಗುರುಗಳು ರೇವಯ್ಯನನ್ನು ಕೇಳಿದರು:

"ಗಾಳಿ ಒಯ್ದದ್ದು ಹಣ್ಣಿನ ನೀರನ್ನು, ಸಿಹಿಯನ್ನಲ್ಲ. ನೀನು ಅಳುತ್ತಿರುವುದು ಯಾವುದಕ್ಕೆ?"