ಮುಚ್ಚಿಟ್ಟ ಕೊಟ್ಟಿಗೆ

"ಗುರುಗಳೇ, ನನ್ನ ಕಂಠ ಚೆನ್ನಾಗಿದೆ ಎಂದು ಜನ ಹೊಗಳಿದಂದಿನಿಂದ ನಾನು ಬಾಗಿಲು ಹಾಕಿಕೊಂಡೇ ಹಾಡುತ್ತಿದ್ದೇನೆ. ಯಾರ ಕಣ್ಣೂ ತಾಗಬಾರದಲ್ಲ! ಆದರೂ ಹಾಡು ದಿನದಿಂದ ದಿನಕ್ಕೆ ಸೊರಗುತ್ತಿದೆ. ಏಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಕತೆ ಹೇಳಿದರು.

ಬಿಸಿಲ ನಾಡಿನಲ್ಲಿ ಒಬ್ಬ ರೈತನಿದ್ದ. ಅವನ ನಾಟಿ ಹಸುವಿನ ಹಾಲು ಮನೆಯ ಮಕ್ಕಳಿಗೇ ಸಾಲುತ್ತಿರಲಿಲ್ಲ. ಇದ್ದ ಜೋಡಿ ಎತ್ತನ್ನು ಕೊಟ್ಟು ಒಂದು ಸೀಮೆಹಸು ತಂದ. ಕೊಟ್ಟ ಗೌಳಿ, "ಇದು ಸೆಕೆ ತಡೆಯೋದಿಲ್ಲ ಕಣಪ್ಪ. ನೆರಳು, ಗಾಳಿ ಇರೋ ಕಡೆ ಕಟ್ಟು. ನೀರು ಯಾವಾಗ್ಲೂ ಮುಂದಿರಲಿ" ಎಂದ. "ಮಗಳ ಹಾಗೆ ನೋಡ್ಕೋತೀನಿ" ಎಂದು ರೈತ ಮಾತು ಕೊಟ್ಟ.

ಹೊಂಗೆ ಮರದಡಿ ಕಟ್ಟಿ ಕರೆದರೆ ಮೊದಲ ದಿನವೇ ಬಕೆಟ್ಟು ತುಂಬಿ ನೊರೆ ಚೆಲ್ಲಿತು. ನೋಡಲು ಕೇರಿಗೆ ಕೇರಿಯೇ ಬಂತು. ಪಕ್ಕದ ಮನೆಯ ಅಜ್ಜಿ ಕೆನ್ನೆಗೆ ಕೈಯಿಟ್ಟು, "ಅಬ್ಬಬ್ಬಾ, ಎಂಥಾ ಕೆಚ್ಚಲು!" ಎಂದಳು. ರೈತನ ಎದೆ ಧಸಕ್ಕೆಂದಿತು.

ಅಂದೇ ಹಸುವನ್ನು ಕೊಟ್ಟಿಗೆಯೊಳಗೆ ಕಟ್ಟಿ, ಕಿಟಕಿಗೆ ಗೋಣಿತಾಟು ಬಿಗಿದ. ಹಾಲು ಇಳಿಯತೊಡಗಿತು. ನೋಡು, ಕಣ್ಣು ತಾಗಿಯೇಬಿಟ್ಟಿತು ಎಂದುಕೊಂಡು ಕಿಟಕಿಗೆ ಮಣ್ಣು ಮೆತ್ತಿದ. ಇನ್ನೂ ಇಳಿಯಿತು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಅಲ್ಲೇ ಕೆಂಡಕ್ಕೆ ಹಾಕಿದ. ಆ ಘಾಟಿಗೆ ಪುಣ್ಯಾತ್ಮ ಕೆಮ್ಮುತ್ತ ಹೊರಗೆ ಓಡಿದ. ಓಡಲು ಹಸುವಿಗೆ ಹಗ್ಗ ಬಿಡಬೇಕಲ್ಲ. ಕಡೆಗೆ ಮಾಡಿನ ಸಂದಿಗೂ ಹುಲ್ಲು ತುರುಕಿದ. ಕತ್ತಲಲ್ಲಿ ಕೆಚ್ಚಲನ್ನು ತಡವಿಕೊಂಡೇ ಹಾಲು ಕರೆಯುವಂತಾಯಿತು.

ಒಂದು ಮಧ್ಯಾಹ್ನ ಹೆಂಡತಿ, "ಒಸಿ ಬಾಗಿಲು ತೆಗೀರಿ. ಅದು ಏದುಸಿರು ಬಿಡೋದು ಆಚೆಗೆ ಕೇಳ್ತಾ ಐತೆ" ಎಂದಳು.

"ತೆಗೆದ್ರೆ ಇರೋದೂ ಹೋಯ್ತದೆ, ಸುಮ್ನಿರು."

ಸ್ವಲ್ಪ ಹೊತ್ತಿಗೆ ಒಳಗೆ ಧಡ್ಡೆಂದು ಸದ್ದಾಯಿತು. ಬಾಗಿಲು ತೆಗೆದರೆ ಹಸು ನಾಲಗೆ ಚಾಚಿ ಬಿದ್ದಿತ್ತು. ಎತ್ತೂ ಹೋಯಿತು, ಹಸುವೂ ಹೋಯಿತು ಎಂದು ರೈತ ಬಾಯಿ ಬಡಿದುಕೊಂಡ. ಯಾರ ಕಣ್ಣಿಗೆ ಹೆದರಿದ್ದನೋ ಅವರೇ ಓಡಿಬಂದು, ಬಿದ್ದ ಹಸುವನ್ನು ಎಳೆಯಲು ಬಾಗಿಲು ಸಾಲದೆ ಗೋಡೆ ಕೆಡವಿ, ಹಸುವನ್ನು ಹೊಂಗೆಯ ನೆರಳಿಗೆ ಎಳೆದರು. ಆ ಅಜ್ಜಿ ಕೊಡದ ಮೇಲೆ ಕೊಡ ನೀರು ಹೊಯ್ದಳು. ಬಿಸಿಲಿಳಿಯುವ ಹೊತ್ತಿಗೆ ಹಸು ತಲೆಯೆತ್ತಿ ಬಕೆಟ್ಟಿಗೆ ಬಾಯಿ ಹಾಕಿತು. ಅದರ ಪಕ್ಕೆಲುಬುಗಳು ಎದ್ದು ನಿಂತಿರುವುದು ರೈತನಿಗೆ ಕಂಡದ್ದು ಆಗಲೇ. ಅವನು ಅತ್ತುಬಿಟ್ಟ.

ಅಲ್ಲಿಂದ ಮುಂದೆ ಹಸು ಮರದಡಿಯೇ ಇತ್ತು. ಊರೆಲ್ಲ ನೋಡನೋಡುತ್ತಲೇ ಹಾಲು ಮೆಲ್ಲಗೆ ಏರಿತು.

ಶಿಷ್ಯ ಕೇಳಿದ: "ಹಾಗಾದರೆ ಆ ಹಸುವಿಗೆ ಯಾರ ದೃಷ್ಟಿಯೂ ತಾಗಿರಲಿಲ್ಲವೇ?"

ಗುರುಗಳು ಎಂದರು: "ಯಾರೂ ನೋಡಬಾರದೆಂದು ಮುಚ್ಚಿಟ್ಟ ಹಸುವನ್ನು ಅವನೂ ನೋಡಿರಲಿಲ್ಲ, ಮಗು."

ಅಂದು ಸಂಜೆ ಶಿಷ್ಯ ಬಾಗಿಲು ತೆರೆದಿಟ್ಟು ಹಾಡಲು ಕುಳಿತ.