ನಾಲ್ಕನೆಯ ನಂಬರಿನ ಮನೆ

ಒಂದು ಊರಿನಲ್ಲಿ ಕ್ರೈಸ್ತ ಸಭೆಗೆ ಸೇರಿದ ಕಂಪೌಂಡು ಇತ್ತು. ಅದರಲ್ಲಿ ಎಂಟು ಹಂಚಿನ ಮನೆಗಳು. ನಾಲ್ಕನೆಯ ಮನೆಯಲ್ಲಿ ಎಸ್ತೇರಮ್ಮ ಒಬ್ಬಳೇ ಇದ್ದಳು. ಮೂವತ್ತೊಂದು ವರ್ಷ ಸಭೆಯ ಹಾಸ್ಟೆಲಿನಲ್ಲಿ ಅಡುಗೆ ಮಾಡಿದವಳು, ಮದುವೆಯಾದವಳಲ್ಲ. ಕೆಲಸ ಬಿಟ್ಟ ಮೇಲೆ, ಬದುಕಿರುವಷ್ಟು ಕಾಲ ಇರು ಎಂದು ಸಭೆಯವರು ಆ ಮನೆ ಕೊಟ್ಟಿದ್ದರು.

ಒಂದು ವರ್ಷ ಸಮುದ್ರದಾಚೆಯ ನಾಡಿನಲ್ಲಿ ಯುದ್ಧವಾಯಿತು. ಅಲ್ಲಿಂದ ಜೀವ ಉಳಿಸಿಕೊಂಡು ಬಂದ ಇಪ್ಪತ್ತು ಕುಟುಂಬಗಳು ಊರ ಹೊರಗಿನ ಬಯಲಿನಲ್ಲಿ ಟಾರ್ಪಾಲು ಕಟ್ಟಿಕೊಂಡವು. ಸಭೆಯವರು ಸುಮ್ಮನೆ ಕೂರಲಿಲ್ಲ. ಪ್ರತಿ ಭಾನುವಾರ ಆರಾಧನೆ ಮುಗಿದ ಕೂಡಲೇ ಅಕ್ಕಿ, ಸೋಪು, ಹಳೆಯ ಬಟ್ಟೆ ಒಯ್ದು ಹಂಚುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಅಕ್ಕಿ ಕಳಿಸುತ್ತಿದ್ದವನು ಸಭೆಯ ಹಿರಿಯ ಜೋಯಲಪ್ಪ.

ಒಂದು ಭಾನುವಾರ ಎಸ್ತೇರಮ್ಮ ಅಕ್ಕಿ ಅಳೆದು ಹಾಕುತ್ತಿದ್ದಳು. ಸಾಲಿನಲ್ಲಿ ಸೆಲ್ವನಾಯಗಿ ಎಂಬ ಹೆಂಗಸಿನ ಸರದಿ ಬಂತು. ಅವಳು ಚೀಲ ಚಾಚುವ ಬದಲು ಒಂದು ಕಾಗದ ಚಾಚಿದಳು. ಅದು ಅವಳ ಇಬ್ಬರು ಹೆಣ್ಣುಮಕ್ಕಳ ಶಾಲೆಯ ಅರ್ಜಿ. ವಿಳಾಸ ಬರೆಯುವ ಜಾಗ ಖಾಲಿ ಇತ್ತು. ಬಯಲು ಎಂದು ಬರೆದರೆ ಶಾಲೆಯವರು ಒಪ್ಪಿರಲಿಲ್ಲ. ಕಾಲಿನ ಗಾಯ ಮಾಯದ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿಯೂ ವಿಳಾಸ ಕೇಳಿದ್ದರು. ಅವಳ ಗಂಡ ಗಾರೆ ಕೆಲಸದವನು. ಬಾಡಿಗೆ ಮನೆ ಹುಡುಕಿಕೊಂಡು ಹೋದಲ್ಲೆಲ್ಲ, ನೀವು ಎಲ್ಲಿಯವರು ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರು.

"ಅಕ್ಕಿ ಇದೆ ಅಮ್ಮ," ಎಂದಳು ಸೆಲ್ವನಾಯಗಿ, ಅರೆಬರೆ ಕನ್ನಡದಲ್ಲಿ. "ಇಲ್ಲಿ ಏನು ಬರೀಲಿ?"

ಎಸ್ತೇರಮ್ಮ ಆ ಕಾಗದವನ್ನು ಹಿಂದಕ್ಕೆ ಕೊಟ್ಟಳು. ಅಕ್ಕಿ ಹಾಕಿ ಕಳಿಸಿಬಿಟ್ಟಳು. ಆ ವಾರವೆಲ್ಲ ಅವಳಿಗೆ ತನ್ನ ಮೇಲೆಯೇ ಬೇಸರ. ಮುಂದಿನ ಭಾನುವಾರ ತಾನೇ ಆ ಕಾಗದ ಕೇಳಿ ತೆಗೆದುಕೊಂಡು ತನ್ನ ಮನೆಯ ನಂಬರು ಬರೆದಳು. ಬರೆದದ್ದು ಸುಳ್ಳಾಗಬಾರದು ಎಂದು ಆ ಐದು ಜನರನ್ನೂ ಅಂದೇ ಕರೆತಂದಳು. ಕೋಣೆಯನ್ನು ಅವರಿಗೆ ಬಿಟ್ಟು, ಅಡುಗೆಮನೆಯಲ್ಲಿ ತನ್ನ ಹಾಸಿಗೆ ಹಾಸಿಕೊಂಡಳು.

ವಿಷಯ ಸಭೆಯ ಕಮಿಟಿಗೆ ಹೋಯಿತು. ಜೋಯಲಪ್ಪ ಕೆಟ್ಟವನಲ್ಲ. ಇವತ್ತು ಒಂದು ಕುಟುಂಬ ಬಂದರೆ ನಾಳೆ ಹತ್ತು ಬರುತ್ತವೆ, ಪೊಲೀಸರು ಬರುತ್ತಾರೆ, ಈ ಬಯಲಿನವರು ನಮ್ಮ ಧರ್ಮದವರೂ ಅಲ್ಲ, ಮನೆಗಳನ್ನು ಕಟ್ಟಿದ್ದು ಸಭೆಯವರಿಗಾಗಿ ಎಂಬುದು ಅವನ ವಾದ. ಬೇಕಾದರೆ ಅಕ್ಕಿಯನ್ನು ಎರಡರಷ್ಟು ಮಾಡೋಣ ಎಂದೂ ಹೇಳಿದ. ಹೆಚ್ಚಿನವರು ಒಪ್ಪಿದರು. ಎಸ್ತೇರಮ್ಮ ಆ ಕುಟುಂಬವನ್ನು ಕಳಿಸಬೇಕು, ಇಲ್ಲವೇ ತಿಂಗಳೊಳಗೆ ತಾನು ಮನೆ ಬಿಡಬೇಕು ಎಂದು ಪತ್ರ ಸಿದ್ಧವಾಯಿತು. ಅದನ್ನು ತಲುಪಿಸುವ ಕೆಲಸ ಸಭಾಪಾಲಕರಾದ ಸುಮಿತ್ರಯ್ಯನವರದು. ಅವರು ಮೆತ್ತಗಿನ ಮನುಷ್ಯ, ಯಾರನ್ನೂ ಎದುರು ಹಾಕಿಕೊಂಡವರಲ್ಲ.

ಅಯ್ಯನವರು ಹೋಗಿ ಪತ್ರದ ವಿಷಯ ತಿಳಿಸಿದರು. ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಕೊಡಿಸುತ್ತೇನೆ, ನಿಮಗೇನೂ ತೊಂದರೆಯಾಗದಂತೆ ನೋಡಿಕೊಳ್ಳುತ್ತೇನೆ ಎಂದರು.

"ನನಗೆ ಹೋಗೋದು ಕಷ್ಟವಲ್ಲ ಅಯ್ಯನವರೇ," ಎಂದಳು ಎಸ್ತೇರಮ್ಮ. "ನಾನು ಹೋದರೆ ಇವರು ಮತ್ತೆ ಬಯಲಿಗೆ ಹೋಗಬೇಕು. ಅದಕ್ಕೆ ಹೋಗೋದಿಲ್ಲ. ಸಭೆಯವರೇ ಬಂದು ಕೈ ಹಿಡಿದು ಹೊರಗೆ ಹಾಕಲಿ."

ಅವಳು ಮುಂದುವರಿಸಿದಳು. "ಯೇಸುಸ್ವಾಮಿ ಕೂಸಾಗಿದ್ದಾಗ ತಾಯಿತಂದೆ ಎತ್ತಿಕೊಂಡು ಬೇರೆ ದೇಶಕ್ಕೆ ಓಡಿದರು ಅಂತ ಪ್ರತಿ ಕ್ರಿಸ್ಮಸ್ಸಿಗೆ ನೀವೇ ಹೇಳ್ತೀರಿ. ಅಲ್ಲಿ ಯಾರೋ ಮನೆ ಕೊಟ್ಟಿರಬೇಕಲ್ಲ. ಕೊಟ್ಟವರು ನಮ್ಮ ಸಭೆಯವರೇನಲ್ಲ."

ಅಯ್ಯನವರು ಪತ್ರವನ್ನು ಜೇಬಿನಿಂದ ತೆಗೆಯದೆ ಎದ್ದು ಹೋದರು.

ಆ ಭಾನುವಾರ ಆರಾಧನೆಯಲ್ಲಿ ಅವರು ಪ್ರಸಂಗ ಮಾಡಲಿಲ್ಲ. ಈ ಪತ್ರ ಕೊಡಲು ನನ್ನಿಂದಾಗಲಿಲ್ಲ ಎಂದು ಹೇಳಿ ಅದನ್ನು ಕಮಿಟಿಯವರ ಮುಂದಿಟ್ಟರು. ತಮ್ಮ ಮನೆಯಲ್ಲಿ ಎರಡು ಕೋಣೆ ಖಾಲಿ ಇವೆ, ನಾಳೆಯಿಂದ ಅಲ್ಲಿಯೂ ಬಯಲಿನ ಒಂದು ಕುಟುಂಬ ಇರುತ್ತದೆ, ಇದು ತಪ್ಪು ಎನಿಸಿದರೆ ಬಿಷಪರಿಗೆ ಬರೆಯಿರಿ ಎಂದರು. ಜೋಯಲಪ್ಪ ಎದ್ದು ಹೊರಗೆ ನಡೆದ. ಆ ಪತ್ರವನ್ನು ಎಸ್ತೇರಮ್ಮನಿಗೆ ಒಯ್ಯಲು ಮತ್ತೆ ಯಾರೂ ಮುಂದೆ ಬರಲಿಲ್ಲ.

ಪೊಲೀಸರು ಬಂದದ್ದು ನಿಜ. ಕಾಗದಪತ್ರ ನೋಡಿ, ಹೆಸರು ಬರೆದುಕೊಂಡು ಹೋದರು. ಮಕ್ಕಳು ಶಾಲೆಗೆ ಸೇರಿದರು. ಅತ್ತೆಗೆ ಚಿಕಿತ್ಸೆ ತಡವಾಗಿತ್ತು, ಒಂದು ಪಾದ ತೆಗೆಯಬೇಕಾಯಿತು, ಜೀವ ಉಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಂಪೌಂಡಿನ ಇನ್ನೂ ಮೂರು ಮನೆಯವರು ಬಯಲಿನವರನ್ನು ಕರೆತಂದಿದ್ದರು. ಬಿಷಪರಿಗೆ ದೂರು ಹೋಗಿ, ಮರುವರ್ಷ ಅಯ್ಯನವರಿಗೆ ದೂರದ ಊರಿಗೆ ವರ್ಗವಾಯಿತು. ಅವರು ಯಾರನ್ನೂ ದೂರದೆ ಹೋದರು. ಜೋಯಲಪ್ಪನ ಮನೆಯೂ ಸೇರಿ ಆರು ಮನೆಯವರು ಸಭೆ ಬಿಟ್ಟು ಬೇರೆ ಚರ್ಚಿಗೆ ಹೋದರು. ಸಭೆಯಲ್ಲಿ ಜನ ಕಡಿಮೆಯಾದರು, ಕಂಪೌಂಡಿನಲ್ಲಿ ಹೆಚ್ಚಾದರು.

ನೀತಿ: ನಿರಾಶ್ರಿತರಿಗೆ ನಮ್ಮಲ್ಲಿ ಮಿಕ್ಕಿದ್ದನ್ನು ಕೊಡುವುದು ಸುಲಭ, ನಮ್ಮ ಪಕ್ಕದಲ್ಲಿ ಜಾಗ ಕೊಡುವುದು ಕಷ್ಟ. ದೇವರನ್ನು ನಂಬಿದ್ದೇನೆ ಎನ್ನುವವರು ಆ ಕಷ್ಟದ ಕೆಲಸಕ್ಕೂ ಸಿದ್ಧರಿರಬೇಕು.